ದೊರೆ ತಾನೇ ಬಂದ

ಗುಜರಾತಿನ ಗಿರ್ನಾರ್ ಬೆಟ್ಟದ ಬುಡದಲ್ಲಿ, ಹಿಮಾಲಯದ ತಪ್ಪಲಿನ ಕಾಲ್ಸಿಯಲ್ಲಿ, ಒಡಿಶಾದ ಧೌಲಿಯಲ್ಲಿ, ನಮ್ಮ ಬಳ್ಳಾರಿ ಸೀಮೆಯಾಚೆ ಗುತ್ತಿಯ ಹತ್ತಿರದ ಎರ್ರಗುಡಿಯಲ್ಲಿ, ಬಂಡೆಗಳ ಮೇಲೆ ಒಂದೇ ಸಂಗತಿ ಕೊರೆದಿದೆ. ಹಿಂದಿನ ದೊರೆಗಳು ವಿಹಾರಯಾತ್ರೆಗೆ ಹೊರಡುತ್ತಿದ್ದರು. ಅಲ್ಲಿ ಬೇಟೆಯೂ ಅಂಥವೇ ಬೇರೆ ಮೋಜುಗಳೂ ನಡೆಯುತ್ತಿದ್ದವು. ದೇವಾನಾಂಪ್ರಿಯನಾದ ಪ್ರಿಯದರ್ಶಿ ರಾಜನು ಪಟ್ಟಕ್ಕೆ ಬಂದು 10 ವರ್ಷವಾದಾಗ ಸಂಬೋಧಿಗೆ ಹೋದ; ಧರ್ಮಯಾತ್ರೆ ಶುರುವಾದದ್ದು ಅಲ್ಲಿಂದ. ಅಶೋಕನ ಎಂಟನೆಯ ಬಂಡೆ ಶಾಸನದ ಒಟ್ಟು ಅಭಿಪ್ರಾಯ ಇಷ್ಟೇ. ಶಾಲೆಯ ಪಾಠದಲ್ಲಿ ನಾವು ಕಳಿಂಗ ಯುದ್ಧವನ್ನು ನೆನಪಿಡುತ್ತೇವೆ, ಪಶ್ಚಾತ್ತಾಪವನ್ನು ನೆನಪಿಡುತ್ತೇವೆ. ಯಾತ್ರೆಯನ್ನು ಮಾತ್ರ ಒಬ್ಬ ಭಕ್ತ ದೊರೆಯ ಸ್ವಂತ ವಿಷಯ ಎಂದು ಬದಿಗಿಡುತ್ತೇವೆ. ಹಾಗೆ ಬದಿಗಿಡುವುದು ಸರಿಯಲ್ಲ ಎಂಬುದು ಇವತ್ತಿನ ನನ್ನ ವಾದ. ಅಶೋಕ ಬುದ್ಧನ ಪುಣ್ಯಕ್ಷೇತ್ರಗಳಿಗೆ ಹೋದದ್ದು ಅವನ ಆಳ್ವಿಕೆಯ ಹೊರಗಿನ ಮಾತಲ್ಲ, ಆಳ್ವಿಕೆಯದೇ ಒಂದು ಕೆಲಸ. ದೊರೆಯೊಬ್ಬ ಅರಮನೆಯಿಂದ ಹೊರಗೆ ಕಾಲಿಡುವ ರೀತಿಯನ್ನೇ ಅವನು ಬದಲಿಸಿದ. ಅದಕ್ಕೆ ಬೇಕಾದ ಸಾಕ್ಷ್ಯವನ್ನು ಅವನೇ ಕಲ್ಲಿನ ಮೇಲೆ ಬಿಟ್ಟುಹೋಗಿದ್ದಾನೆ.

ಬದಲಾವಣೆಯ ಅಳತೆ ಸಿಗಬೇಕಾದರೆ ಮೊದಲು ಹೇಗಿತ್ತು ಎಂಬುದು ಗೊತ್ತಿರಬೇಕು. ಅಶೋಕನ ಅಜ್ಜ ಚಂದ್ರಗುಪ್ತನ ಕಾಲದಲ್ಲಿ ಪಾಟಲಿಪುತ್ರಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಸ್ತನೀಸನ ಬರಹವನ್ನು ಆಧರಿಸಿ ಸ್ಟ್ರಾಬೋ ದೊರೆಯ ಬೇಟೆಯ ಮೆರವಣಿಗೆಯನ್ನು ವರ್ಣಿಸುತ್ತಾನೆ. ದೊರೆಯ ಸುತ್ತ ಹೆಂಗಸರು, ಅವರ ಸುತ್ತ ಈಟಿ ಹಿಡಿದ ಕಾವಲಿನವರು, ಮುಂದೆ ನಗಾರಿ ಮತ್ತು ಗಂಟೆಗಳು. ದಾರಿಯ ಎರಡೂ ಬದಿಗೆ ಹಗ್ಗ ಕಟ್ಟಿರುತ್ತಿದ್ದರು. ಹಗ್ಗ ದಾಟಿ ಒಳಗೆ ಬಂದವರಿಗೆ, ಗಂಡಾಗಲಿ ಹೆಣ್ಣಾಗಲಿ, ಸಾವೇ ಶಿಕ್ಷೆ. ವಿದೇಶಿಯ ಕಣ್ಣಿಗೆ ಕಂಡದ್ದರಲ್ಲಿ ಸ್ವಲ್ಪ ಬಣ್ಣ ಸೇರಿರಬಹುದು. ಆದರೂ ದೊರೆಯ ಸವಾರಿಗೂ ಊರ ಜನಕ್ಕೂ ನಡುವೆ ಒಂದು ಗೆರೆ ಇತ್ತು, ಅದನ್ನು ದಾಟಬಾರದಾಗಿತ್ತು ಎಂಬುದನ್ನು ನಂಬಲು ಅಡ್ಡಿಯಿಲ್ಲ. ಅಶೋಕ ಕೂಡ ಈ ಪದ್ಧತಿಯಲ್ಲೇ ಬೆಳೆದವನು. ಮಧ್ಯಪ್ರದೇಶದ ಪಾನ್‌ಗುರಾರಿಯಾದಲ್ಲಿ, ನರ್ಮದೆಗೆ ದೂರವಲ್ಲದ ಒಂದು ಕಲ್ಲಾಸರೆಯಲ್ಲಿ, ಪ್ರಿಯದರ್ಶಿ ಎಂಬ ರಾಜನು ತಾನು ಕುಮಾರನಾಗಿದ್ದಾಗ ವಿಹಾರಯಾತ್ರೆಗೆಂದು ಈ ಜಾಗಕ್ಕೆ ಬಂದಿದ್ದ ಎಂದು ಬರೆಸಿದ ಪುಟ್ಟ ಶಾಸನವಿದೆ. ಎಂಟನೆಯ ಬಂಡೆ ಶಾಸನ ಹಿಂದಿನ ದೊರೆಗಳದ್ದು ಎನ್ನುವ ಅಭ್ಯಾಸ ಅವನ ಹರೆಯದ್ದೂ ಆಗಿತ್ತು. ಅದು ಕೈಬಿಟ್ಟುಹೋಯಿತೇ? ಬಿಟ್ಟೆ ಎಂದು ತಾನೇ ಹೇಳಿಕೊಳ್ಳುವ ದೊರೆಯ ಮಾತನ್ನು ಹಾಗೇ ಒಪ್ಪಬೇಕಾಗಿಲ್ಲ. ಆದರೆ ಅಫ್ಘಾನಿಸ್ತಾನದ ಕಂದಹಾರದಲ್ಲಿ 1958ರಲ್ಲಿ ಬೆಳಕಿಗೆ ಬಂದ, ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳ ಶಾಸನ ಇದೇ 10 ವರ್ಷದ ಗಡಿಯನ್ನು ಹೆಸರಿಸುತ್ತದೆ. ದೊರೆಯ ಬೇಟೆಗಾರರೂ ಮೀನುಗಾರರೂ ತಮ್ಮ ಕಸುಬು ನಿಲ್ಲಿಸಿದರು ಎನ್ನುತ್ತದೆ. ಇದೂ ಅಶೋಕನದೇ ಮಾತು, ನಿಜ. ಆದರೆ ರಾಜ್ಯದ ಒಂದು ಅಂಚಿನಲ್ಲಿ, ಬೇರೆ ಭಾಷೆಯ ಬೇರೆ ಓದುಗರಿಗಾಗಿ ಬರೆಸಿದ ಮಾತು ಮತ್ತೊಂದು ಅಂಚಿನ ಬಂಡೆಯ ಮಾತಿಗೆ ವರ್ಷದ ಲೆಕ್ಕದಲ್ಲೂ ವಿಷಯದಲ್ಲೂ ಹೊಂದಿಕೊಳ್ಳುತ್ತದೆ. ಬರಿಯ ಅಲಂಕಾರದ ಮಾತಾಗಿದ್ದರೆ ಈ ಹೊಂದಿಕೆ ಇರುತ್ತಿರಲಿಲ್ಲ.

ಇನ್ನು ಸಂಬೋಧಿಗೆ ಹೋದ ಎಂಬುದರ ಮೇಲೆಯೇ ಒಂದು ಹಳೆಯ ಆಕ್ಷೇಪವಿದೆ. ಬೋಧಿವೃಕ್ಷವಿದ್ದ ಗಯೆಯ ಜಾಗಕ್ಕೆ ಹೋದ ಎಂದು ಅದಕ್ಕೆ ಅರ್ಥ ಹೇಳಬಾರದು, ಜ್ಞಾನದ ಹಾದಿ ಹಿಡಿದ ಎಂದು ತಿಳಿಯಬೇಕು ಎಂದು ಕೆಲವು ವಿದ್ವಾಂಸರು ವಾದಿಸಿದ್ದರು. ಶಾಸನದ ಆ ಒಂದು ವಾಕ್ಯವನ್ನಷ್ಟೇ ಕಿತ್ತು ನೋಡಿದರೆ ಹೀಗೂ ಓದಬಹುದೇನೋ. ಆದರೆ ಅದರ ಹಿಂದಿನ ವಾಕ್ಯದಲ್ಲಿರುವುದು ಅರಮನೆಯಿಂದ ಹೊರಟು ಕಾಡಿಗೆ ಹೋಗುವ ದೊರೆಗಳು, ಮುಂದಿನ ವಾಕ್ಯದಲ್ಲಿರುವುದು ಊರೂರಿಗೆ ಹೋಗಿ ಜನರನ್ನು ಕಾಣುವ ದೊರೆ. ಇವೆರಡರ ನಡುವೆ ಮನಸ್ಸಿನೊಳಗಿನ ಪ್ರಯಾಣವೊಂದು ಬಂದು ಕೂತರೆ ಮಾತಿಗೆ ಮಾತು ಕೂಡುವುದಿಲ್ಲ. ಅಲ್ಲದೆ ಅಶೋಕ ತನ್ನ ಮನಸ್ಸಿನ ವಿಷಯ ಹೇಳಬೇಕಾದಾಗ ಅದನ್ನು ನೇರವಾಗಿಯೇ ಹೇಳಿದ್ದಾನೆ. ಅದು ಇರುವುದು ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನಲ್ಲೇ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳಲ್ಲಿ ಬಿ. ಎಲ್. ರೈಸ್ 1892ರಲ್ಲಿ ಗುರುತಿಸಿದ ಕಿರುಶಾಸನಗಳಲ್ಲಿ ದೊರೆ ಲೆಕ್ಕ ಒಪ್ಪಿಸುವವನಂತೆ ಮಾತಾಡುತ್ತಾನೆ: ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿದೆ, ಅದರಲ್ಲಿ ಒಂದು ವರ್ಷ ಅಷ್ಟೇನೂ ಶ್ರಮಪಡಲಿಲ್ಲ, ಸಂಘದ ಹತ್ತಿರಕ್ಕೆ ಹೋದಮೇಲೆ ಒಂದು ವರ್ಷಕ್ಕೂ ಮಿಕ್ಕಿ ಚೆನ್ನಾಗಿ ಶ್ರಮಿಸಿದ್ದೇನೆ ಎಂದು. ಕೊನೆಯಲ್ಲಿ 256 ಎಂಬ ಅಂಕೆಯಿದೆ. ಅದು ದೊರೆ ಮನೆಬಿಟ್ಟು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ನನಗೂ ಅದೇ ಸಮಂಜಸವಾಗಿ ಕಾಣುತ್ತದೆ. ಕಳಿಂಗ ಯುದ್ಧ ಪಟ್ಟದ 8ನೆಯ ವರ್ಷದ್ದು. ಅದರ ಮೇಲೆ ಎರಡೂವರೆ ವರ್ಷ ಕೂಡಿಸಿದರೆ ನಾವು ಬಂದು ನಿಲ್ಲುವುದು ಸಂಬೋಧಿಯ ಯಾತ್ರೆಯ ಆಸುಪಾಸಿಗೇ. ಹಾಗಿದ್ದರೆ ಈ ಸಂದೇಶ ಹೊರಟದ್ದು ಒಂದು ದೀರ್ಘ ಪ್ರವಾಸದ ಬಿಡಾರದಿಂದ. ಸುವರ್ಣಗಿರಿಯಲ್ಲಿದ್ದ ರಾಜಪ್ರತಿನಿಧಿ ಆರ್ಯಪುತ್ರನ ಕೈದಾಟಿ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ತಲುಪಿ ಬ್ರಹ್ಮಗಿರಿಯ ಬಂಡೆಗೆ ಏರಿತು. ದೊರೆ ಬ್ರಹ್ಮಗಿರಿಗೆ ಬಂದಿದ್ದ ಎಂದು ಇದರಿಂದ ಹೇಳಲು ಬರುವುದಿಲ್ಲ, ಸ್ಥಳಾಭಿಮಾನ ಎಷ್ಟೇ ಒತ್ತಾಯಿಸಿದರೂ.

ಈ ಯಾತ್ರೆಗಳಲ್ಲಿ ಅವನು ಮಾಡುತ್ತಿದ್ದುದೇನು? ಎಂಟನೆಯ ಶಾಸನ ಕೆಲಸಗಳನ್ನು ಹೆಸರಿಸುತ್ತದೆ. ಬ್ರಾಹ್ಮಣರನ್ನೂ ಶ್ರಮಣರನ್ನೂ ಕಂಡು ದಾನ ಕೊಡುವುದು, ವೃದ್ಧರನ್ನು ಕಂಡು ಹೊನ್ನು ಹಂಚುವುದು, ಹಳ್ಳಿನಾಡಿನ ಜನರ ದರ್ಶನ, ಅವರಿಗೆ ಧರ್ಮ ಹೇಳುವುದು, ಧರ್ಮದ ಬಗ್ಗೆ ಅವರ ಜೊತೆ ಮಾತುಕತೆ. ಇದರಲ್ಲಿ ನಾವು ಬೆರಗುಪಡಬೇಕಾದದ್ದು ಜನರ ದರ್ಶನ ಎಂಬ ಬಾಬತ್ತಿಗೆ. ದರ್ಶನ ಎಂದರೆ ದೊರೆ ಮೇಲೆ ಕೂತು ಪ್ರಜೆಗಳಿಗೆ ಕೊಡುವಂಥದ್ದು. ಇಲ್ಲಿ ಪ್ರಜೆಗಳೇ ದರ್ಶನದ ವಸ್ತು. ಹಗ್ಗ ದಾಟಿದವರ ತಲೆ ತೆಗೆಸುತ್ತಿದ್ದವನ ಮೊಮ್ಮಗ, ಹಗ್ಗದಾಚೆ ನಿಂತವರನ್ನು ಕಾಣಲೆಂದೇ ಹೊರಡುತ್ತೇನೆ ಎನ್ನುತ್ತಿದ್ದಾನೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪಟ್ಟಿಯಲ್ಲಿ ಬೌದ್ಧ ಭಿಕ್ಷುಗಳನ್ನು ಬೇರೆಯಾಗಿ ಹೆಸರಿಸಿಯೇ ಇಲ್ಲ. ಬುದ್ಧನಿಗೆ ಅರಿವು ಮೂಡಿದ ಜಾಗದಿಂದ ಆರಂಭವಾದ ಯಾತ್ರೆ ಎಲ್ಲ ಪಂಥದ ಜನರನ್ನೂ ಒಳಗೊಂಡಿತು. ಎರಡೇ ವರ್ಷದ ನಂತರ, ಪಟ್ಟದ 12ನೆಯ ವರ್ಷದಲ್ಲಿ, ಗಯೆಗೆ ದೂರವಲ್ಲದ ಬರಾಬರ್ ಬೆಟ್ಟದ ಗುಹೆಗಳನ್ನು ಅವನು ಆಜೀವಿಕರೆಂಬ ಬೇರೊಂದು ಪಂಥದವರಿಗೆ ಕೊಟ್ಟ. ಆದ್ದರಿಂದ ಧರ್ಮಯಾತ್ರೆ ಎಂದರೆ ಬರಿಯ ಬೌದ್ಧ ತೀರ್ಥಯಾತ್ರೆ ಎಂಬ ಲೆಕ್ಕ ಸರಿಹೋಗುವುದಿಲ್ಲ. ತೀರ್ಥಯಾತ್ರೆ ಅದರ ಬೀಜ. ಮರ ಬೇರೆ ಕಡೆಗೂ ಹರಡಿತು.

ಅಚ್ಚ ಬೌದ್ಧ ಯಾತ್ರೆಯ ಗಟ್ಟಿ ಸಾಕ್ಷ್ಯ ಬೇಕಾದರೆ ಇನ್ನು 10 ವರ್ಷ ಮುಂದಕ್ಕೆ, ನೇಪಾಳದ ತರಾಯಿಗೆ ಹೋಗಬೇಕು. ಬುದ್ಧ ಹುಟ್ಟಿದ ಜಾಗ, ಅರಿವು ಪಡೆದ ಜಾಗ, ಮೊದಲು ಬೋಧಿಸಿದ ಜಾಗ, ನಿರ್ವಾಣ ಹೊಂದಿದ ಜಾಗ, ಈ ನಾಲ್ಕನ್ನು ಶ್ರದ್ಧಾವಂತರು ನೋಡಬೇಕು ಎಂದು ಮಹಾಪರಿನಿಬ್ಬಾಣ ಸುತ್ತ ಹೇಳುತ್ತದೆ. ಹುಟ್ಟಿದ ಜಾಗವಾದ ಲುಂಬಿನಿಯಲ್ಲಿ ನಿಂತಿರುವ ಕಂಬದ ಮೇಲೆ ಐದು ಸಾಲಿನ ಬರಹವಿದೆ. ಪಟ್ಟವಾಗಿ 20 ವರ್ಷವಾದಾಗ, ಅಂದರೆ ಸುಮಾರು ಕ್ರಿ.ಪೂ. 248ರಲ್ಲಿ, ದೊರೆ ತಾನೇ ಬಂದು ಪೂಜಿಸಿದ. ಶಾಕ್ಯಮುನಿ ಹುಟ್ಟಿದ್ದು ಇಲ್ಲಿ ಎಂಬ ಕಾರಣಕ್ಕೆ ಕಲ್ಲಿನ ಕೆಲಸ ಮಾಡಿಸಿ ಕಂಬ ನಿಲ್ಲಿಸಿದ. ಲುಂಬಿನಿ ಗ್ರಾಮಕ್ಕೆ ಬಲಿ ಎಂಬ ತೆರಿಗೆಯನ್ನು ಬಿಟ್ಟು, ಬೆಳೆಯ ಪಾಲನ್ನು ಎಂಟರಲ್ಲೊಂದಕ್ಕೆ ನಿಲ್ಲಿಸಿದ. ವಾಯವ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದ ನಿಗಾಲಿ ಸಾಗರದ ಕಂಬ ಇನ್ನೊಂದು ಕಥೆ ಹೇಳುತ್ತದೆ. ಗೌತಮನಿಗಿಂತ ಹಿಂದಿನವನೆಂದು ಬೌದ್ಧರು ನಂಬುವ ಕೋನಾಕಮನ ಬುದ್ಧನ ಸ್ತೂಪವನ್ನು ಪಟ್ಟದ 14ನೆಯ ವರ್ಷದಲ್ಲಿ ಎರಡರಷ್ಟು ದೊಡ್ಡದು ಮಾಡಿಸಿದ್ದ. 20ನೆಯ ವರ್ಷದಲ್ಲಿ ತಾನೇ ಬಂದು ಪೂಜಿಸಿದ. ಈ ಎರಡು ದಿನಾಂಕಗಳ ನಡುವಿನ ಅಂತರ ಬಹಳ ಮುಖ್ಯ. ಸ್ತೂಪ ದೊಡ್ಡದಾಗಲು ದೊರೆ ಅಲ್ಲಿಗೆ ಹೋಗಬೇಕಾಗಿರಲಿಲ್ಲ. ಪಾಟಲಿಪುತ್ರದಿಂದ ಅಪ್ಪಣೆ ಹೊರಟರೆ ಸಾಕಿತ್ತು. ಪುಣ್ಯ ಸಂಪಾದನೆಯೇ ಉದ್ದೇಶವಾಗಿದ್ದರೆ ಅದು 14ನೆಯ ವರ್ಷದಲ್ಲೇ ಮುಗಿದಿತ್ತು. ಆರು ವರ್ಷ ಬಿಟ್ಟು ಅವನು ಮತ್ತೆ ಯಾಕೆ ಹೊರಟ ಎಂಬುದಕ್ಕೆ ಉತ್ತರ ಅವನ 26ನೆಯ ವರ್ಷದ ಆರನೆಯ ಸ್ತಂಭ ಶಾಸನದಲ್ಲಿ ಸಿಗುತ್ತದೆ. ಎಲ್ಲ ಪಂಥದವರನ್ನೂ ನಾನಾ ರೀತಿಯಲ್ಲಿ ಗೌರವಿಸಿದ್ದೇನೆ, ಆದರೆ ನಾನೇ ಖುದ್ದಾಗಿ ಹೋಗುವುದೇ ಮುಖ್ಯವೆಂದು ನನ್ನ ಅಭಿಪ್ರಾಯ ಎಂಬುದು ಅದರ ತಾತ್ಪರ್ಯ. ತಾನೇ ಬಂದ ಎಂದು ತರಾಯಿಯ ಎರಡು ಕಂಬಗಳಲ್ಲೂ ಒತ್ತಿ ಬರೆಸಿದ್ದು, ಆರು ವರ್ಷದ ಮೇಲೆ ಅದನ್ನೇ ನಿಯಮದಂತೆ ಹೇಳಿದ್ದು ಒಂದೇ ಮನಸ್ಸು.

ಲುಂಬಿನಿಯ ತೆರಿಗೆಯ ಮಾತಿಗೆ ಬರೋಣ. ನನ್ನ ವಾದದ ತೂಕವೆಲ್ಲ ಇರುವುದು ಅಲ್ಲೇ. ಸುಮಾರು ಕ್ರಿ.ಶ. ಎರಡನೆಯ ಶತಮಾನದ ಸಂಸ್ಕೃತ ಕೃತಿ ಅಶೋಕಾವದಾನ ಇದೇ ಯಾತ್ರೆಯನ್ನು ಕಥೆಯಾಗಿ ಹೇಳುತ್ತದೆ. ಅದರಲ್ಲಿ ಮಥುರೆಯ ಉಪಗುಪ್ತ ಸ್ಥವಿರನು ದೊರೆಯನ್ನು ಲುಂಬಿನಿ, ಬೋಧಿವೃಕ್ಷ, ಋಷಿಪತನ, ಕುಶಿನಗರಗಳಿಗೆಲ್ಲ ಕರೆದೊಯ್ದು ಕೈತೋರಿಸಿ ವಿವರಿಸುತ್ತಾನೆ. ದೊರೆ ಹೋದಲ್ಲೆಲ್ಲ ಒಂದೊಂದು ಲಕ್ಷ ಹೊನ್ನು ಸುರಿಯುತ್ತಾನೆ. ಶಿಷ್ಯರ ಸ್ತೂಪಗಳಿಗೂ ಹಾಗೇ. ಬಕ್ಕುಲ ಎಂಬ ಭಿಕ್ಷುವಿನ ಸ್ತೂಪಕ್ಕೆ ಮಾತ್ರ ಒಂದೇ ಕಾಸು, ಯಾಕೆಂದರೆ ಅವನು ಯಾರಿಗೂ ಏನೂ ಬೋಧಿಸಲಿಲ್ಲ. ಏನೂ ಬೇಡದ ಆ ಭಿಕ್ಷುವಿನ ಸ್ತೂಪದಿಂದ ಆ ಕಾಸೂ ತಿರುಗಿ ಬಂತಂತೆ! ಕಥೆಗಾರ ಚತುರ. ಆದರೆ ಕಥೆಯ ಅಶೋಕನ ಬಳಿ ಹೊನ್ನಿಗೆ ಲೆಕ್ಕವಿಲ್ಲ, ಊರಿನ ಜನರಿಗೆ ಜಾಗವಿಲ್ಲ. ಶಾಸನದ ಅಶೋಕನದು ಚೊಕ್ಕ ಲೆಕ್ಕ. ಅರ್ಥಶಾಸ್ತ್ರದಲ್ಲಿ ನಾಡಿನಿಂದ ಬರುವ ಆದಾಯವನ್ನು ಎಣಿಸುವಾಗ ಷಡ್ಭಾಗ ಮತ್ತು ಬಲಿ ಬೇರೆಬೇರೆಯಾಗಿ ಬರುತ್ತವೆ. ಆ ಗ್ರಂಥದ ಕಾಲದ ಬಗ್ಗೆ ಜಗಳವಿದೆ, ಇರಲಿ. ಕಂಬದ ಮೇಲೂ ಬಲಿ ಬೇರೆ, ಪಾಲು ಬೇರೆ. ಒಂದನ್ನು ಪೂರ್ತಿ ಬಿಟ್ಟ, ಇನ್ನೊಂದನ್ನು ಇಳಿಸಿದ. ಎಂಟರಲ್ಲೊಂದು ಎಂಬುದಕ್ಕೆ ಬೇರೆ ಅರ್ಥ ಹೇಳಿದವರೂ ಇದ್ದಾರೆ. ಬಲಿ ಬಿಟ್ಟದ್ದರ ಪಕ್ಕದಲ್ಲೇ ಬರುವ ಮಾತಾದ್ದರಿಂದ ಕಂದಾಯದ ಪಾಲೆಂದೇ ಓದುವುದು ಸಹಜ. ಅಷ್ಟು ಭಕ್ತಿಯಿದ್ದವನು ಪೂರ್ತಿ ಮಾಫಿ ಮಾಡಬಾರದಿತ್ತೇ, ಇದೇನು ಜಿಪುಣತನ ಎಂದು ಯಾರಾದರೂ ಕೇಳಬಹುದು. ಈ ಅರೆಬರೆ ಮಾಫಿಯೇ ನನಗೆ ನಂಬಿಕೆ ಹುಟ್ಟಿಸುವುದು. ಭಾವಾವೇಶದಲ್ಲಿ ಕೊಟ್ಟ ದಾನ ದುಂಡು ಮೊತ್ತದಲ್ಲಿರುತ್ತದೆ. ಎಂಟನೆಯ ಒಂದು ಪಾಲು ಎಂಬ ಅಂಕೆ ಬರುವುದು ಕಡತ ಹಿಡಿದ ಅಧಿಕಾರಿ ಪಕ್ಕದಲ್ಲಿ ನಿಂತಿದ್ದಾಗ. ಇಲ್ಲಿ ಇಬ್ಬರು ಅಶೋಕರಿಲ್ಲ. ಬುದ್ಧ ಹುಟ್ಟಿದ ಊರು ಎಂಬ ಒಂದೇ ಕಾರಣಕ್ಕೆ ಒಂದೇ ನಿಲುವಿನಲ್ಲಿ ಪೂಜೆಯೂ ನಡೆಯಿತು, ಕಂದಾಯದ ಹುಕುಮೂ ಆಯಿತು. ಪೂಜೆ ಭಕ್ತನ ಪಾಲಿಗೆ, ತೆರಿಗೆ ದೊರೆಯ ಪಾಲಿಗೆ ಎಂದು ಹಂಚುವ ಅಭ್ಯಾಸ ನಮ್ಮದು. ಲುಂಬಿನಿಯ ರೈತನಿಗೆ ಕಂಬದ ಎತ್ತರಕ್ಕಿಂತ ಕಣದಲ್ಲಿ ಉಳಿದ ಧಾನ್ಯ ಹತ್ತಿರದ ವಿಷಯ, ಮತ್ತು ಆ ಮಟ್ಟಕ್ಕೆ ಇಳಿದ ತೀರ್ಥಯಾತ್ರೆ ಪ್ರಾಚೀನ ಜಗತ್ತಿನಲ್ಲಿ ಹೆಚ್ಚಿಲ್ಲ.

ಇಷ್ಟೆಲ್ಲ ಭಾರ ಹೊರುವ ಕಂಬವೇ ಖೋಟಾ ಆಗಿದ್ದರೆ ಎಂಬ ಅನುಮಾನವನ್ನು ಮುಚ್ಚಿಡಬಾರದು. ನಿಗಾಲಿ ಸಾಗರದ ಬರಹ 1895ರಲ್ಲಿ, ಲುಂಬಿನಿಯದು 1896ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದವು. ಎರಡರ ಜೊತೆಗೂ ಸೇರಿಕೊಂಡಿರುವ ಹೆಸರು ಆಲೋಯಿಸ್ ಫ್ಯೂರರ್. ಈತ ಬರ್ಮಾದ ಭಿಕ್ಷುವೊಬ್ಬರಿಗೆ ಬುದ್ಧನ ಅವಶೇಷಗಳೆಂದು ನಕಲಿ ವಸ್ತುಗಳನ್ನು ದಾಟಿಸಿದ, ಕಾಣದ ಸ್ತೂಪವನ್ನು ಕಂಡೆನೆಂದು ವರದಿ ಬರೆದ, 1898ರಲ್ಲಿ ಪುರಾತತ್ವ ಇಲಾಖೆಯ ಹುದ್ದೆ ಬಿಟ್ಟು ಹೋಗಬೇಕಾಯಿತು. ಇಂಥವನ ಕೈ ಸೋಕಿದ ಶಾಸನವನ್ನು ನಂಬುವುದು ಹೇಗೆ? ಆದರೆ ಲುಂಬಿನಿಯ ಕಂಬದ ಬರಹವಿದ್ದ ಭಾಗ ನೆಲದೊಳಗೆ ಹೂತಿತ್ತು. ಅದನ್ನು ಅಗೆಸಿ ಬಿಡಿಸಿದವನು ನೇಪಾಳದ ಅಧಿಕಾರಿ ಖಡ್ಗ ಶಂಶೇರ್. ಆ ಕಾಲದ ಪ್ರಾಕೃತ ಪಂಡಿತರಲ್ಲೇ ದೊಡ್ಡವನಾದ ಬ್ಯೂಲರ್ ಅದನ್ನು ಪರಿಶೀಲಿಸಿ ಪ್ರಕಟಿಸಿದ. ಏಳನೆಯ ಶತಮಾನದಲ್ಲಿ ಬಂದಿದ್ದ ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗ್ ಇಲ್ಲಿ ಅಶೋಕನ ಕಂಬ ಕಂಡದ್ದನ್ನೂ, ಅದರ ತುದಿಯ ಕುದುರೆಯನ್ನೂ, ಕಂಬ ಸಿಡಿಲಿಗೆ ಮುರಿದದ್ದನ್ನೂ ಬರೆದಿದ್ದಾನೆ. ಎಲ್ಲಕ್ಕಿಂತ ಮಿಗಿಲಾಗಿ, ಖೋಟಾ ಮಾಡುವವನು ಓದುಗರಿಗೆ ರುಚಿಸುವುದನ್ನು ಬರೆಯುತ್ತಾನೆ. ವಿದ್ವಾಂಸರು ಇಂದಿಗೂ ಅರ್ಥಕ್ಕಾಗಿ ತಿಣುಕುವ ಪದಗಳನ್ನೂ, ಯಾರೂ ಕೇಳದ ಒಂದು ಹಳ್ಳಿಯ ಕಂದಾಯದ ದರವನ್ನೂ ಹುಟ್ಟಿಸಿ ಕೆತ್ತುವ ತಲೆನೋವು ಅವನಿಗೆ ಬೇಡ. ಫ್ಯೂರರ್ ಸುಳ್ಳುಗಾರ, ಕಂಬ ಸುಳ್ಳಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಧರ್ಮಯಾತ್ರೆ ಎಂಬುದು ತಪಾಸಣೆಯ ಪ್ರವಾಸಕ್ಕೆ ಹಾಕಿದ ಕಾವಿ ಬಟ್ಟೆ, ವಿಶಾಲ ಸಾಮ್ರಾಜ್ಯದ ಗಡಿಯಲ್ಲಿ ದೊರೆ ತನ್ನ ಮುಖ ತೋರಿಸಿ ಹಿಡಿತ ಬಿಗಿ ಮಾಡುತ್ತಿದ್ದ, ಭಕ್ತಿ ಅದಕ್ಕೊಂದು ನೆಪ ಎಂಬುದು. ರಾಜಕೀಯ ಇರಲಿಲ್ಲ ಎಂದು ನಾನು ಹೇಳಲಾರೆ, ಹೇಳಬೇಕಾಗಿಯೂ ಇಲ್ಲ. ಇದೇ ದೊರೆ 13ನೆಯ ಬಂಡೆ ಶಾಸನದಲ್ಲಿ ಕಳಿಂಗದ ಸಾವುನೋವಿಗೆ ಕೊರಗುತ್ತಲೇ, ಕಾಡಿನ ಜನರಿಗೆ ತನ್ನ ದಂಡಿಸುವ ಶಕ್ತಿಯನ್ನೂ ನೆನಪಿಸುತ್ತಾನೆ. ಆದರೆ ತಪಾಸಣೆಗೆ ಅವನ ಬಳಿ ಬೇರೆ ವ್ಯವಸ್ಥೆ ಆಗಲೇ ಇತ್ತು. ಪಟ್ಟದ 12ನೆಯ ವರ್ಷದ ಅಪ್ಪಣೆಯಂತೆ ಯುಕ್ತ, ರಜ್ಜುಕ, ಪ್ರಾದೇಶಿಕ ಎಂಬ ಅಧಿಕಾರಿಗಳು ಐದು ವರ್ಷಕ್ಕೊಮ್ಮೆ ಪ್ರವಾಸ ಹೊರಡಬೇಕು. ಊಟದಲ್ಲಿರಲಿ, ಅಂತಃಪುರದಲ್ಲಿರಲಿ, ಜನರ ವಿಷಯವನ್ನು ತನಗೆ ತಲುಪಿಸಬೇಕೆಂದು ವರದಿಗಾರರಿಗೆ ಆರನೆಯ ಬಂಡೆ ಶಾಸನದಲ್ಲಿ ಕಟ್ಟಪ್ಪಣೆಯಿದೆ. ಅಧಿಕಾರಿಗಳು ಜನರೊಡನೆ ಹೇಗೆ ನಡೆದುಕೊಳ್ಳಬೇಕೆಂದು ವಿಧಿಸಿದ ಪ್ರತ್ಯೇಕ ಶಾಸನಗಳು ಕಳಿಂಗದಲ್ಲಷ್ಟೇ ಅಲ್ಲ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೂ ಸಿಕ್ಕಿವೆ. ಕಣ್ಣು ಕಿವಿಗಳನ್ನು ಇಷ್ಟು ದೂರ ಚಾಚಿದ್ದ ದೊರೆಗೆ ಸುದ್ದಿಗಾಗಿ ತರಾಯಿಯ ಹಳ್ಳಿಗೆ ನಡೆಯುವ ಅಗತ್ಯವಿರಲಿಲ್ಲ. ಅವನು ಹೋದದ್ದು ಸುದ್ದಿಯಿಂದ ಆಗದ ಕೆಲಸಕ್ಕೆ. ಗೌರವವನ್ನು ಕಳಿಸಿಕೊಡುವುದಕ್ಕೂ ತಾನೇ ತಂದು ಒಪ್ಪಿಸುವುದಕ್ಕೂ ವ್ಯತ್ಯಾಸವಿದೆ ಎಂದು ಅವನು ನಂಬಿದ್ದ. ಹಾಗೆಂದು ಊರಿಗೆ ಅದರಿಂದ ಸುಖವೇ ಆಯಿತು ಎನ್ನಲೂ ಮನಸ್ಸು ಬಾರದು. ದೊರೆಯ ಬಿಡಾರ ಎಂದರೆ ಆನೆ, ಕುದುರೆ, ಆಳುಕಾಳು. ಅವಕ್ಕೆಲ್ಲ ಮೇವು ಕೂಳು ಒದಗಿಸುವ ಹೊರೆ ಬೀಳುವುದು ಹಾದಿಯ ಹಳ್ಳಿಗಳ ಮೇಲೆ. ಅರ್ಥಶಾಸ್ತ್ರದ ಆದಾಯದ ಪಟ್ಟಿಯಲ್ಲಿ ಸೇನಾಭಕ್ತ ಎಂದು, ದಂಡಿನ ಊಟಕ್ಕೆ ಎತ್ತುವ ವಸೂಲಿಯೂ ಇದೆ. ಮಾಫಿ ಸಿಕ್ಕಿದ್ದು ಲುಂಬಿನಿಗೆ. ಅಲ್ಲಿಗೆ ಹೋಗುವ ದಾರಿಯ ಊರುಗಳ ಹೆಸರು ಯಾವ ಕಂಬದಲ್ಲೂ ಇಲ್ಲ.

ಮುಂದಿನವರು ಈ ಯಾತ್ರೆಯನ್ನು ನೆನಪಿಟ್ಟದ್ದು ಅವರವರ ಇಷ್ಟದಂತೆ. ಸಾಂಚಿಯ ಪೂರ್ವ ತೋರಣದಲ್ಲಿ ದೊರೆ ಬೋಧಿವೃಕ್ಷದ ಹತ್ತಿರ ಆನೆಯಿಂದ ಇಳಿಯುತ್ತಿರುವ ಮೆರವಣಿಗೆಯಿದೆ. ದಕ್ಷಿಣ ತೋರಣದಲ್ಲಿ ರಾಮಗ್ರಾಮದ ಸ್ತೂಪ ತೆರೆಯಲು ಹೋಗಿ, ನಾಗರು ಕಾಯುತ್ತಿದ್ದುದರಿಂದ ಬರಿಗೈಲಿ ಮರಳಿದ ಕಥೆ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ, ಭೀಮಾ ತೀರದ ಸ್ತೂಪದ ಕಲ್ಲೊಂದರಲ್ಲಿ ಪರಿವಾರದ ನಡುವೆ ನಿಂತ ದೊರೆಗೆ ಬ್ರಾಹ್ಮಿಯಲ್ಲಿ ರಾಯೋ ಅಸೋಕೋ ಎಂದು ಹೆಸರನ್ನೇ ಕೊರೆದಿದ್ದಾರೆ. ಅವನು ತೀರಿಕೊಂಡು ಶತಮಾನಗಳಾದ ಮೇಲೂ ಕನ್ನಡನಾಡಿನ ಶಿಲ್ಪಿಗಳಿಗೆ ಅವನ ಗುರುತಿತ್ತು. ಇವುಗಳಲ್ಲಿ ಕಾಣುವುದು ಆನೆ, ಛತ್ರ, ರಾಣಿ. ಹಳ್ಳಿಯ ಜನರನ್ನು ಕಾಣುವ ಅಶೋಕನನ್ನು ಯಾರೂ ಕೆತ್ತಲಿಲ್ಲ. ಲುಂಬಿನಿಗೆ ಮತ್ತೊಬ್ಬ ದೊರೆ ಬಂದದ್ದು 14ನೆಯ ಶತಮಾನದಲ್ಲಿ, ಪಶ್ಚಿಮ ನೇಪಾಳವನ್ನು ಆಳುತ್ತಿದ್ದ ರಿಪುಮಲ್ಲ. ಆ ಹೊತ್ತಿಗೆ ಅಶೋಕನ ಲಿಪಿ ಓದಬಲ್ಲವರು ಉಳಿದಿರಲಿಲ್ಲ, ಆದ್ದರಿಂದ ಅವನನ್ನು ದೂರುವಂತಿಲ್ಲ. ಲುಂಬಿನಿಯ ಕಂಬದ ಮೇಲ್ಭಾಗದಲ್ಲಿ ಅವನು ಒಂದು ಮಂತ್ರವನ್ನೂ ತನ್ನ ಹೆಸರನ್ನೂ ತನಗೆ ಜಯವಾಗಲಿ ಎಂಬ ಹಾರೈಕೆಯನ್ನೂ ಕೊರೆಸಿದ. ನಿಗಾಲಿ ಸಾಗರದ ಕಂಬದಲ್ಲೂ ಅವನ ಹೆಸರಿದೆ, ಜೊತೆಗೆ ಶಕವರ್ಷ 1234, ಅಂದರೆ ಕ್ರಿ.ಶ. 1312, ಎಂಬ ಕಾಲವೂ ಇದೆ. ಊರಿನ ವಿಷಯ ಎರಡರಲ್ಲೂ ಇಲ್ಲ.